ಎಪ್ಪತ್ತೇಳರ ಬೆನ್ನು ಹತ್ತಿ

ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂರಲು ಬಂದವಳು, ಆ ಬೋರ್ಡೇ ಗುಜರಿಗೆ ಹೋದ ಮೇಲೂ ಮನೆಗೆ ಹೋಗಲಿಲ್ಲ. ಗೋಡೆಯೊಳಗಿನ ತಂತಿಗಳ ಜಾಡು ಅವಳೊಬ್ಬಳಿಗೇ ಗೊತ್ತಿದ್ದರಿಂದ ಕಂಪ್ಯೂಟರುಗಳೂ ಅವಳ ಕೊರಳಿಗೇ ಬಿದ್ದವು. ಬಿದ್ದು ಎದ್ದು ಕಲಿತಳು. ಹದಿನಾಲ್ಕು ವರ್ಷದಿಂದ ವರ್ಷ ವರ್ಷದ ಗುತ್ತಿಗೆಯ ಮೇಲೆ ದುಡಿಯುತ್ತ ಬಂದ ಈ ಹೆಂಗಸನ್ನು ಡಾಕ್ಟರರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಕರೆಯುವುದು ವೈರಿನ ಅಕ್ಕ, ವೈರಕ್ಕ ಎಂದೇ.

ಹೊಸದಾಗಿ ಬಂದ ಆಡಳಿತಾಧಿಕಾರಿಗೆ ವೈರಕ್ಕನ ಮೇಲೆ ಅಷ್ಟು ನಂಬಿಕೆಯಿರಲಿಲ್ಲ. "ನಮ್ಮ ನೆಟ್‌ವರ್ಕಲ್ಲಿರೋ ಒಂದೊಂದು ಮಷೀನಿನ ಅಡ್ರೆಸ್ಸೂ, ಅದಿರೋ ಕೋಣೆನೂ ಬರೆದು ಶುಕ್ರವಾರ ನಾಲ್ಕು ಗಂಟೆಗೆ ಕೊಡಿ. ಒಂದು ಬಿಟ್ಟುಹೋದ್ರೂ ಈ ಕೆಲಸ ಹೊರಗಿನ ಕಂಪನಿಗೆ ಹೋಗುತ್ತೆ," ಎಂದರು.

ಮನೆಗೊಂದು ನಂಬರಿರುವ ಹಾಗೆ ನೆಟ್‌ವರ್ಕಿಗೆ ಸೇರಿದ ಪ್ರತಿ ಯಂತ್ರಕ್ಕೂ ಒಂದು ಅಡ್ರೆಸ್ಸು. ಲ್ಯಾಪ್‌ಟಾಪಿನಲ್ಲಿ ಕೂತು ಒಂದೊಂದೇ ಬಾಗಿಲು ತಟ್ಟುತ್ತ ಹೋದರೆ, ಒಳಗಿದ್ದದ್ದು ಓಗೊಡುತ್ತದೆ. ಪ್ರಿಂಟರುಗಳು, ಕ್ಯಾಮೆರಾಗಳು, ರಕ್ತ ಪರೀಕ್ಷೆಯ ಯಂತ್ರ, ಕಣ್ಣಿನ ಡಾಕ್ಟರು ಗುಟ್ಟಾಗಿ ತಂದಿಟ್ಟುಕೊಂಡಿದ್ದ ಹಾಡಿನ ಪೆಟ್ಟಿಗೆ, ಹೀಗೆ ಗುರುವಾರದೊಳಗೆ ನೂರಹದಿನೇಳು ಸಿಕ್ಕವು. ಇನ್ನೊಂದು ಮಾತ್ರ ಕರೆದರೆ ಓಗೊಡುತ್ತದೆ, ಹುಡುಕಿದರೆ ಕಾಣುವುದಿಲ್ಲ. ಅದರ ಅಡ್ರೆಸ್ಸಿನ ಕೊನೆಗೆ ಎಪ್ಪತ್ತೇಳು ಎಂದಿತ್ತು.

ಶುಕ್ರವಾರ ಊಟವಾದ ಮೇಲೆ ವೈರಕ್ಕ ಸೆರಗು ಸಿಕ್ಕಿಸಿ, ಲ್ಯಾಪ್‌ಟಾಪು ಎತ್ತಿಕೊಂಡು ಹೊರಟಳು. ಮಹಡಿಗೊಂದು ವೈಫೈ ಪೆಟ್ಟಿಗೆ. ಯಾವ ಯಂತ್ರ ಯಾವ ಪೆಟ್ಟಿಗೆಗೆ ಅಂಟಿಕೊಂಡಿದೆ ಎಂದು ಲ್ಯಾಪ್‌ಟಾಪು ಹೇಳುತ್ತದೆ. ಎಪ್ಪತ್ತೇಳು ಕೆಳಗಿನ ಅಂತಸ್ತಿನಲ್ಲಿತ್ತು. ಕೆಳಗೆಲ್ಲ ಜಾಲಾಡಿದಳು, ಇಲ್ಲ. ಹೆಡ್ ನರ್ಸನ್ನು ಕೇಳೋಣವೆಂದು ಮೊದಲ ಮಹಡಿಗೆ ಹೋಗಿ ನೋಡಿದರೆ, ಎಪ್ಪತ್ತೇಳು ಈಗ ಮೊದಲ ಮಹಡಿಯಲ್ಲಿ! ಎರಡನೆಯದಕ್ಕೆ ಓಡಿದಳು. ಅಲ್ಲಿಗೂ ಬಂದಿತ್ತು.

"ಅಯ್ಯೋ, ಇದಕ್ಕೆ ಕಾಲಿದೆ ಕಣ್ರೇ!" ಎಂದು ಕೂಗಿಕೊಂಡಳು.

ಕಾಲಿರುವ ಯಂತ್ರವೆಂದ ಮೇಲೆ ಕೇಳಬೇಕೆ? ಹೆಡ್ ನರ್ಸು ಲಿಫ್ಟಿಗೆ ಅಡ್ಡ ನಿಂತಳು. ಎಕ್ಸ್‌ರೇ ತೆಗೆಯುವ, ಎಲ್ಲರ ಬಾಯಲ್ಲೂ ಎಕ್ಸ್‌ರೇ ಮಾವನಾದ ಮುದುಕ ಮೆಟ್ಟಿಲ ಬುಡದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ. ವೈರಕ್ಕ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ನಾಲ್ಕಾಗುತ್ತ ಬಂದಂತೆ ಗಡಿಯಾರ ನೋಡುತ್ತಲೇ ಓಡಿದಳು. ಆದರೂ ನಗು ತಡೆಯಲಾಗುತ್ತಿರಲಿಲ್ಲ.

ಕೊನೆಗೆ ಮಾವನೇ ಬಾಯಿಬಿಟ್ಟ: "ಈ ಒಂದು ಗಂಟೇಲಿ ಎಲ್ಲಾ ಮಹಡಿಗೂ ಹೋಗಿಬಂದೋಳು ನೀನೊಬ್ಳೇ ಕಣಮ್ಮ."

ವೈರಕ್ಕನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ತಂತಿ ಪರೀಕ್ಷಿಸುವ ಹೊಸ ಟೆಸ್ಟರು ಅಲ್ಲಿ ದಾರದಲ್ಲಿ ನೇತಾಡುತ್ತಿತ್ತು. ಸೋಮವಾರ ಮೊದಲ ಸಲ ಆನ್ ಮಾಡಿದಾಗ ಅದು ವೈಫೈ ಪಾಸ್‌ವರ್ಡ್ ಕೇಳಿತ್ತು. ಬೆಳಗಿನಿಂದ ಸಂಜೆಯವರೆಗೆ ಪಾಸ್‌ವರ್ಡ್ ಹಾಕುವುದೇ ಕಸುಬಾದವಳು ಹಿಂದೆಮುಂದೆ ನೋಡದೆ ಹಾಕಿಬಿಟ್ಟಿದ್ದಳು. ಈಗ ಅದನ್ನು ಆರಿಸಿದಳು. ಲ್ಯಾಪ್‌ಟಾಪಿನಲ್ಲಿ ಎಪ್ಪತ್ತೇಳು ಮಾಯ. ಮತ್ತೆ ಆನ್ ಮಾಡಿದಳು, ಹಾಜರ್.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ಯಲ್ಲೇ!" ಎಂದು ಹೆಡ್ ನರ್ಸು ಗೋಡೆಗೊರಗಿದಳು. ಮಾವ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೇ ಕುಸಿದ. ಪ್ಲಾಸ್ಟರು ಹಾಕಿಸಿಕೊಂಡು ಹೋಗುತ್ತಿದ್ದ ರೋಗಿಯೊಬ್ಬ, ವಿಷಯ ಗೊತ್ತಿಲ್ಲದಿದ್ದರೂ, ಜೊತೆಗೆ ನಕ್ಕ.

ನಾಲ್ಕಕ್ಕೆ ಐದು ನಿಮಿಷವಿತ್ತು. "ಅದನ್ನ ಆರಿಸಿ ಒಳಗಿಡು. ನೂರಹದಿನೇಳು ಅಂತ ಕೊಡು, ಮರ್ಯಾದೆ ಉಳಿಯುತ್ತೆ," ಎಂದಳು ಹೆಡ್ ನರ್ಸು.

ವೈರಕ್ಕ ನಕ್ಕು ನಕ್ಕು ಒದ್ದೆಯಾದ ಕಣ್ಣೊರೆಸಿಕೊಂಡಳು. "ಕರೆದಾಗ ಓಗೊಟ್ಟಿದೆ ಕಣೇ. ಇಲ್ಲ ಅನ್ನೋಕಾಗಲ್ಲ."

ಅಧಿಕಾರಿ ಪಟ್ಟಿಯುದ್ದಕ್ಕೂ ಬೆರಳಾಡಿಸಿ ಕೊನೆಯ ಸಾಲಿನಲ್ಲಿ ನಿಂತರು. ಕೋಣೆ ಎಂಬಲ್ಲಿ "ನನ್ನ ಕುತ್ತಿಗೆ" ಎಂದಿತ್ತು.

"ಏನಮ್ಮಾ ಇದು?"

ವೈರಕ್ಕ ಒಂದೂ ಬಿಡದೆ ಹೇಳಿದಳು. ಅವರು ಗಂಭೀರವಾಗಿರಲು ಹೆಣಗಿದರು, ಕೆಮ್ಮಿದರು, ಕೊನೆಗೆ ಕನ್ನಡಕ ತೆಗೆದಿಟ್ಟು ನಕ್ಕೇಬಿಟ್ಟರು. ಆಮೇಲೆ ಡ್ರಾಯರಿನಿಂದ ಇನ್ನೊಂದು ಪಟ್ಟಿ ತೆಗೆದರು. "ಹೊರಗಿನ ಕಂಪನಿಯವರೂ ಬುಧವಾರ ಎಣಿಸಿಹೋದ್ರು. ನೂರ ನಾಲ್ಕು. ಒಂದೂ ಬಿಟ್ಟಿಲ್ಲ ಅಂತ ಸಹಿ ಬೇರೆ ಹಾಕಿದಾರೆ." ಅದನ್ನು ಮಡಿಸಿ ಕಸದ ಬುಟ್ಟಿಗೆ ಹಾಕಿದರು. "ಹೊಸ ಗುತ್ತಿಗೆಗೆ ನೀವು ಸಹಿ ಹಾಕ್ಬೇಕು. ನಾಳೆ ಎಷ್ಟು ಹೊತ್ತಿಗೆ ಬರ್ತೀರಿ?"

"ಒಂಬತ್ತಕ್ಕೆಲ್ಲಾ ಇಲ್ಲಿರ್ತೀನಿ ಸಾರ್!" ಎಂದಳು, ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಒಂಬತ್ತೂವರೆಗಿಂತ ಮುಂಚೆ ಬಂದಿರದ ವೈರಕ್ಕ.