ಕಹಿ ಐತಿ ಖರೆ, ಖಾರ ಯಾಕ?

ಎರಡು ವರ್ಷದ ಹಿಂದೆ, ಸಂಕ್ರಾಂತಿ ಮುಗಿದ ಮರುವಾರ, ನನ್ನ ಓದು ನಿಂತೇ ಹೋಗುವ ಹಂತಕ್ಕೆ ಬಂದಿತ್ತು. ಮದುವೆಯಾಗಿ ಏಳು ವರ್ಷ ಒಲೆ, ಹೊಲ, ಮಗಳು ಎಂದು ಕಳೆದ ಮೇಲೆ ಗದಗಿನ ಕಾಲೇಜೊಂದರಲ್ಲಿ ಎಂ.ಫಾರ್ಮಾಕ್ಕೆ ಸೇರಿದವಳು ನಾನು. ದಿನಾ ನಮ್ಮೂರು ಅಡರಕಟ್ಟಿಯಿಂದ ಲಕ್ಷ್ಮೇಶ್ವರ, ಅಲ್ಲಿಂದ ಗದಗಿಗೆ ಬಸ್ಸು. ಸೇರಲೇಬೇಕೆಂದು ಹಟ ಹಿಡಿದವರು ನನ್ನ ಅತ್ತೆ ಗಂಗವ್ವ. ಸೇರಿದ ದಿನದಿಂದಲೇ "ನಮ್ಮ ಸೊಸಿ ಔಷಧಿ ಕಂಡುಹಿಡ್ಯಾಕತ್ತಾಳ" ಎಂದು ಓಣಿಯೆಲ್ಲ ಸಾರಿಬಿಟ್ಟಿದ್ದರು.

ನನ್ನ ಕೆಲಸ ಅಷ್ಟು ದೊಡ್ಡದೇನಲ್ಲ. ರೋಗದ ಜೊತೆ ಹೋರಾಡುವುದು ನಮ್ಮ ರಕ್ತದ ಬಿಳಿ ಕಣಗಳು. ಆ ಹೋರಾಟದಲ್ಲಿ ಹುಟ್ಟುವ ಕೆಲವು ಉಗ್ರ ವಸ್ತುಗಳು, ತುಕ್ಕು ಕಬ್ಬಿಣವನ್ನು ತಿಂದಂತೆ, ಆ ಕಣಗಳನ್ನೇ ತಿನ್ನತೊಡಗುತ್ತವೆ, ಉರಿಯೂತ ಹೆಚ್ಚುತ್ತದೆ. ನಮ್ಮ ಹೊಲದ ಅಮೃತಬಳ್ಳಿಯ ಸಾರ ಆ ಕಣಗಳನ್ನು ಕಾಯುತ್ತದೆಯೇ ಎಂದು ನಾನು ನೋಡಬೇಕಿತ್ತು. ನನ್ನದೇ ರಕ್ತ ತೆಗೆಸಿ, ಬಿಳಿ ಕಣ ಬೇರ್ಪಡಿಸಿ, ಒಂದು ಪಾಲಿಗೆ ಅಂಥದೇ ಉಗ್ರ ವಸ್ತುವಾದ ಪೆರಾಕ್ಸೈಡ್ ಮಾತ್ರ ಹಾಕುತ್ತಿದ್ದೆ. ಇನ್ನೊಂದಕ್ಕೆ ಮೊದಲು ಬಳ್ಳಿಯ ಸಾರ, ಆಮೇಲೆ ಪೆರಾಕ್ಸೈಡ್. ಮೂರನೆಯದಕ್ಕೆ ಸಾರ ಮಾತ್ರ. ಕೊನೆಗೆ ಬಣ್ಣ ಹಾಕಿದರೆ ಸತ್ತ ಕಣ ನೀಲಿಯಾಗುತ್ತದೆ, ಬದುಕಿದ್ದು ತಿಳಿಯಾಗಿಯೇ ಉಳಿಯುತ್ತದೆ.

ನನ್ನವು ಮೂರೂ ಪಾಲು ನೀಲಿ. ಒಮ್ಮೆಯಲ್ಲ, ಎರಡು ಸಲ.

ನಮ್ಮ ಗೈಡ್ ಮೇಡಂ ಮಾತು ಕಡಿಮೆ. ಅವತ್ತು ಸೂಕ್ಷ್ಮದರ್ಶಕದಿಂದ ತಲೆ ಎತ್ತಿ, "ಕಾಯೋದು ಹೋಗ್ಲಿ, ನಿನ್ನ ಸಾರಾನ ಕಣಾ ಕೊಲ್ಲಾಕತ್ತೈತಿ. ಇನ್ನೊಂದ್ಸಲ ಮಾಡು. ಆಗ್ಲಿಲ್ಲಂದ್ರ ವಿಷಯ ಬದಲ್ ಮಾಡೋಣ" ಎಂದರು. ವಿಷಯ ಬದಲಾದರೆ ಇನ್ನೊಂದು ವರ್ಷ. ಆ ಒಂದು ವರ್ಷ ನನಗೆ ಸಿಗುವಂತಿರಲಿಲ್ಲ. "ಈ ಬೇಸಿಗಿಗೆ ಮುಗಿಸು, ಮುಂದ ನನ್ನ ಕೈಲಿ ಸಂಭಾಳಿಸಾಕ ಆಗೂದಿಲ್ಲ" ಎಂದು ಗಂಡ ಮೊದಲೇ ಹೇಳಿದ್ದರು. ಸುದ್ದಿ ಕೇಳಿ, "ಹಿತ್ತಲ ಗಿಡ ಮದ್ದಲ್ಲ ಅಂತ ಹಿರ್ಯಾರು ಸುಮ್ಮನ ಅಂದಿಲ್ಲ" ಎಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಬಳ್ಳಿಯೇ ಬೇರೆಯದಿರಬೇಕು ಎಂಬ ಅನುಮಾನ ಬಂತು. ಉಳಿದ ಪುಡಿಯನ್ನು ಪೊಟ್ಟಣ ಕಟ್ಟಿಕೊಂಡು ಲಕ್ಷ್ಮೇಶ್ವರದ ಸಂತೆಗೆ ಹೋದೆ. ಅಲ್ಲಿ ಬೇರು, ತೊಗಟೆ ಮಾರುವ ಮಾಬೂಬಿ ಎಂಬ ಮುದುಕಿ ಇದ್ದಾರೆ. ಅವರ ಮನೆಯಲ್ಲಿ ಅಜ್ಜನ ಕಾಲದಿಂದಲೂ ಇದೇ ವ್ಯಾಪಾರ. ಎಲ್ಲರೂ ಅವರನ್ನು ಖಾಲಾ ಎನ್ನುತ್ತಾರೆ.

"ಖಾಲಾ, ಇದು ಅಮೃತಬಳ್ಳಿ ಹೌದೋ ಅಲ್ಲೋ, ಸ್ವಲ್ಪ ನೋಡಿ ಹೇಳ್ರಿ."

ಅವರು ಚಿಟಿಕೆ ಪುಡಿ ಅಂಗೈಗೆ ಹಾಕಿಕೊಂಡು ಮೂಸಿದರು. ಮರುಕ್ಷಣವೇ ಮೂರು ಸೀನು ಸೀನಿದರು. ಸೆರಗಿನಿಂದ ಮೂಗೊರೆಸಿಕೊಂಡು, ನಾಲಿಗೆಯ ತುದಿಗೆ ಒಂದಿಷ್ಟು ತಾಗಿಸಿದರು.

"ಕಹಿ ಐತಿ ಖರೆ. ಬಳ್ಳಿ ಅದೇ. ಆದ್ರ ಖಾರ ಯಾಕ?"

"ಖಾರಾ? ಅದಕ್ಕೆಲ್ಲಿ ಖಾರ ಖಾಲಾ?"

"ನನ್ನ ಕೇಳಿದ್ರ? ಎಲ್ಲಿ ಒಣಗ್ಸಿದಿ ಹೇಳವಾ."

ನಮ್ಮದು ಮೆಣಸಿನಕಾಯಿ ಬೆಳೆಯುವ ಮನೆ. ಆ ದಿನಗಳಲ್ಲಿ ನಮ್ಮ ಮಾಳಿಗೆಯೆಂದರೆ ಅಂಚಿನಿಂದ ಅಂಚಿಗೆ ಕೆಂಪು. ಅತ್ತೆ ದಿನಕ್ಕೆರಡು ಸಲ ಕಾಲಿನಲ್ಲೇ ಕಾಯಿ ತಿರುವಿಹಾಕುತ್ತಾ ಓಡಾಡುವರು. ಬಳ್ಳಿ ಕಡಿದು ತಂದಾಗ, "ನೀ ಬಸ್ಸಿಗೆ ನಡಿ, ಒಣಗ್ಸೂದು ನನಗ ಕಲಿಸ್ತಿಯೇನು?" ಎಂದು ನನ್ನನ್ನು ಸಾಗಹಾಕಿ, ಅದೇ ಮಾಳಿಗೆಯ ಮೇಲೆ, ಮೆಣಸಿನಕಾಯಿ ಹರವಿದ ಅದೇ ತಾಡಪತ್ರಿಯ ಮೂಲೆಯಲ್ಲಿ ಹರವಿದ್ದರು. ಪುಡಿ ಮಾಡಿದ್ದೂ ಖಾರದ ಪುಡಿ ಮಾಡುವ ಮನೆಯ ಮಿಕ್ಸಿಯಲ್ಲೇ. ಕಣಗಳನ್ನು ಕೊಂದದ್ದು ಬಳ್ಳಿಯಲ್ಲ, ಅದಕ್ಕೆ ಹತ್ತಿದ ಖಾರವೇ ಇರಬೇಕು. ಸಂತೆಯ ಮುದುಕಿಗೆ ಒಂದೇ ಉಸಿರಿಗೆ ಹತ್ತಿದ ಘಾಟು ನಮ್ಮ ಮನೆಯಲ್ಲಿ ಒಬ್ಬರ ಮೂಗಿಗೂ ಹತ್ತಿರಲಿಲ್ಲ. ವರ್ಷಗಟ್ಟಲೆ ಅದರಲ್ಲೇ ಉಸಿರಾಡಿದ ಮೂಗುಗಳು ನಮ್ಮವು! ಪ್ರಯೋಗಾಲಯದಲ್ಲಂತೂ ಯಾವುದನ್ನೂ ನಾಲಿಗೆಗೆ ಹಚ್ಚುವಂತಿಲ್ಲ.

ಖಾಲಾ ಪೊಟ್ಟಣ ಮಡಿಸಿ ಕೈಗಿಟ್ಟರು. "ಬಿಸಿಲು ಮೆಣಸಿನಕಾಯಿಗೆ ಚಲೋ. ಇದಕ್ಕ ನೆರಳು ಬೇಕು. ತೆಳ್ಳಗ ಹೆಚ್ಚಿ, ಗಾಳಿ ಆಡೂ ಕ್ವಾಣ್ಯಾಗ ಒಣಗ್ಸು. ಜಲ್ದಿ ಮಾಡಬ್ಯಾಡ."

ಊರಿಗೆ ಬರುವ ಬಸ್ಸಿನಲ್ಲಿ ನನಗಿದ್ದ ಚಿಂತೆ ಒಂದೇ, ಅತ್ತೆಗೆ ಹೇಗೆ ಹೇಳುವುದು. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ನೇರ ಹೇಳಿಬಿಟ್ಟೆ. ಜೋಳ ಕೇರುತ್ತಿದ್ದ ಅವರ ಕೈ ಮೊರದಲ್ಲೇ ನಿಂತಿತು.

"ಅಂದ್ರ ನಿನ್ನ ಪರೀಕ್ಷಾ ಕೆಡಿಸಿದಾಕಿ ನಾನ ಏನವಾ?"

"ಹಂಗಲ್ಲ ಅತ್ಯಾರ, ನಾನರ ಕೇಳಬೇಕಿತ್ತು" ಎಂದರೂ ಅವರು ಅವತ್ತು ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಗಂಗವ್ವನ ಅವತಾರವೇ ಬೇರೆ. ತಲೆಗೆ ಸ್ನಾನ ಮಾಡಿ, ತೊಳೆದ ಸೀರೆ ಉಟ್ಟು, ಮಾಳಿಗೆಗೆ ಹತ್ತದೆ ನೇರ ಬಳ್ಳಿ ಹಬ್ಬಿದ ಹೊಲದ ಬೇವಿನ ಮರಕ್ಕೆ ಹೋಗಿ ತಾವೇ ಕೊಯ್ದು ತಂದರು. ಹೊಸ ಈಳಿಗೆಯಲ್ಲಿ ಹೆಚ್ಚಿ, ದೇವರ ಕೋಣೆಯಲ್ಲಿ ತೊಳೆದ ಧೋತರದ ಮೇಲೆ ಹರವಿದರು. ಮೆಣಸಿನಕಾಯಿ ಮುಟ್ಟಿದವರು ಹೊಸ್ತಿಲು ದಾಟುವಂತಿಲ್ಲ. ನನ್ನ ಗಂಡ ಪೂಜೆಗೆಂದು ಹೋದರೆ, "ಅಲ್ಲೇ ನಿಂದ್ರಲೇ! ದೇವ್ರಿಗೆ ಹೊರಗಿಂದ ಕೈ ಮುಗಿ" ಎಂದು ಗದರಿಸಿದರು. ಎರಡು ವಾರ ನಮ್ಮ ಮನೆಯ ಪೂಜೆ ಹೊಸ್ತಿಲಾಚೆಯಿಂದಲೇ ನಡೆಯಿತು. ಪುಡಿಯನ್ನು ಕಾಲೇಜಿನ ಯಂತ್ರದಲ್ಲೇ ಮಾಡಿದೆ.

ಮೂರನೆಯ ಸಲ ರಕ್ತ ಕೊಟ್ಟೆ. ಮೇಡಂ ಪ್ರತಿ ಗಾಜಿನ ಪಟ್ಟಿಯ ಹೆಸರಿನ ಮೇಲೆ ನನ್ನಿಂದ ಕಾಗದ ಅಂಟಿಸಿ, ಯಾವುದು ಯಾವುದೆಂದು ತಮಗೇ ತಿಳಿಯದಂತೆ ಮಾಡಿ, ತಾವೇ ಎಣಿಸಲು ಕುಳಿತರು. ಮೊದಲನೆಯದು ನೀಲಿಯೋ ನೀಲಿ. ಎರಡನೆಯದನ್ನು ಇಟ್ಟು ಬಹಳ ಹೊತ್ತು ನೋಡಿದರು. ಮತ್ತೆ ಮೊದಲಿನಿಂದ ಎಣಿಸಿದರು. ಕಾಗದ ಕಿತ್ತರು. ಸಾರವೂ ಪೆರಾಕ್ಸೈಡೂ ಎರಡೂ ಹಾಕಿದ ಪಾಲು ಅದು.

"ಬಾ, ನೋಡು."

ಬಗ್ಗಿದೆ. ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕೆ ಬಿಟ್ಟರೆ, ಉಳಿದವು ದುಂಡಗೆ, ತಿಳಿಯಾಗಿ ಹೊಳೆಯುತ್ತಿದ್ದವು. ನಾನು ಅಲ್ಲೇ ಅತ್ತುಬಿಟ್ಟೆ. ಮೇಡಂ ಮಾತ್ರ, "ಅಳೂದು ಆಮ್ಯಾಲ. ಇನ್ನೆರಡು ಸಲ ಮಾಡಬೇಕು" ಎಂದರು. ಮಾಡಿದೆ. ಎರಡು ಸಲವೂ ಕಣಗಳು ಉಳಿದವು, ಸಾರ ಮಾತ್ರ ಹಾಕಿದ ಪಾಲಿನಲ್ಲೂ ಸಾಯಲಿಲ್ಲ, ಉರಿಯೂತದ ಗುರುತೂ ಇಳಿದಿತ್ತು. ಗಾಜಿನಲ್ಲಿ ಗೆದ್ದದ್ದು ಮನುಷ್ಯನ ಮೈಯಲ್ಲಿ ಗೆಲ್ಲಲು ಇನ್ನೂ ಬಹಳ ದಾರಿ ಇದೆ ಎಂದು ಅವರು ಎಚ್ಚರಿಸುವುದನ್ನೂ ಬಿಡಲಿಲ್ಲ. ಕೊನೆಗೆ ನಕ್ಕು, "ಒಣಗ್ಸಿದವ್ರನ್ನ ಒಂದಿನ ಕರಕೊಂಡು ಬಾ" ಎಂದರು.

ಅತ್ತೆ ಇಳಕಲ್ ಸೀರೆಯುಟ್ಟು ಗದಗಿಗೆ ಬಂದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಮೇಡಂ ತೋರಿಸಿದಂತೆ ಒಂದು ಕಣ್ಣು ಮುಚ್ಚಿ ಸೂಕ್ಷ್ಮದರ್ಶಕಕ್ಕೆ ಬಗ್ಗಿದರು.

"ಇವು ಯಾರ ರಕ್ತದಾಗಿನ್ವು?"

"ನನ್ವ ಅತ್ಯಾರ."

"ಜೀವಂತ ಅದಾವ?"

"ಹೂಂ ರಿ. ನೀವು ಒಣಗ್ಸಿದ ಬಳ್ಳಿನ ಇವನ್ನ ಉಳಿಸೈತಿ."

ಅವರು ತಲೆ ಎತ್ತಲೇ ಇಲ್ಲ. ಕಣ್ಣು ಅಲ್ಲೇ ಇಟ್ಟು, ಒಂದು ಕೈ ಹಿಂದೆ ಚಾಚಿ, ತಡಕಾಡಿ ನನ್ನ ಕೈ ಹಿಡಿದುಕೊಂಡರು. "ಗೆದ್ವಲ್ಲವಾ!" ಎಂದರು.

ಆಮೇಲೆ ಪದವಿ ಬಂತು, ಶಾಲು ಹೊದಿಸಿದರು, ಫೋಟೋ ತೆಗೆದರು. ಆದರೆ ನನಗೆ ಗೆಲುವು ಎಂದರೆ ಇವತ್ತಿಗೂ ನೆನಪಾಗುವುದು ಆ ಒರಟು ಕೈಯ ಬಿಗಿ ಹಿಡಿತ ಮಾತ್ರ. ಒಬ್ಬಳೇ ಗೆದ್ದಿದ್ದರೆ ಅಷ್ಟು ಸಂತೋಷ ಆಗುತ್ತಿರಲಿಲ್ಲ.