ಹುಳಿ ಹುಟ್ಟಿಸುವ ಗಾಳಿ

ಮಹಾರಾಷ್ಟ್ರದ ಗಡಿಯೊಳಗಿನ ಬಿಳೂರಿನ ಕನ್ನಡ ಶಾಲೆಯಲ್ಲಿ ದಾಕ್ಷಾಯಣಿ ಟೀಚರು ಇಪ್ಪತ್ತಾರು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದಾರೆ. ಕನ್ನಡ ಪುಸ್ತಕದ ‘ಆಮ್ಲಜನಕ’, ಶಿಕ್ಷಕರ ತರಬೇತಿಗೆ ಹೋದರೆ ಮರಾಠಿಯವರ ‘ಪ್ರಾಣವಾಯು’, ಮುಂದೆ ಕಾಲೇಜಿನಲ್ಲಿ ‘ಆಕ್ಸಿಜನ್’. ಮೂರನ್ನೂ ಹಲಗೆಯ ಮೇಲೆ ಬರೆದು ಮಕ್ಕಳಿಂದ ಗಟ್ಟಿ ಮಾಡಿಸುತ್ತಾರೆ. ಒಂದೇ ಗಾಳಿಗೆ ಮೂರು ಹೆಸರು ಕಲಿಯುವ ಕರ್ಮ ಈ ಗಡಿಯ ಮಕ್ಕಳಿಗೇ ಯಾಕೆ ಬಂತೋ ಎಂದು ಗೊಣಗುವುದೂ ಉಂಟು. ಗೊಣಗಿದ ಮೇಲೆ ನಾಲ್ಕು ಸಲ ಬರೆಸುವುದೂ ಅವರೇ.

ಮೊನ್ನೆ ಸೋಮವಾರ ಅವರ ಅತ್ತೆ ಹಾಲವ್ವನಿಗೆ ಎದೆಯಲ್ಲಿ ಕಫ ಕಟ್ಟಿ ಏದುಸಿರು ಬಂತು. ಊರ ದವಾಖಾನೆಯಲ್ಲಿ ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸಿದ ಯಂತ್ರ ಎಂಬತ್ತೆರಡು ತೋರಿಸಿತು. ತೊಂಬತ್ತಕ್ಕಿಂತ ಕೆಳಗಿಳಿದರೆ ಏನರ್ಥವೆಂದು ದಾಕ್ಷಾಯಣಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಂದು ತಾಸಿನಲ್ಲಿ ಏರದಿದ್ದರೆ ಸಾಂಗಲಿಯ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದರು ಡಾಕ್ಟರು. ಅಷ್ಟು ದೂರದ ದಾರಿ ತಾಳುವ ಉಸಿರು ಅತ್ತೆಯಲ್ಲಿ ಉಳಿದಿರಲಿಲ್ಲ.

ನರ್ಸ್ ಸುಮನ ನಳಿಕೆ ಹಿಡಿದು ಬಂದಳು. “ಆಯಿ, ಪ್ರಾಣವಾಯು ಹಚ್ಚತೀನ್ರಿ.”

ಹಾಲವ್ವ ಅವಳ ಕೈ ತಳ್ಳಿದಳು. “ಬ್ಯಾಡ. ಪ್ರಾಣ ಹೋಗೂ ಹೊತ್ತಿಗೆ ಹಚ್ಚೂ ಗಾಳಿ ಅದು. ನಮ್ಮ ಮನಿಯವರಿಗೂ ಹಚ್ಚಿದ್ರು. ಮೂರನೇ ದಿನಕ್ಕ ಹೋದ್ರು.”

ಕೊರೋನಾ ವರ್ಷದ ಮಾತು ಅದು. ಹಾಲವ್ವ ಮತ್ತು ಗಂಡ ಮಲಕಾಜಪ್ಪ ಒಂದೇ ವಾರ್ಡಿನಲ್ಲಿ ಮಗ್ಗುಲ ಮಗ್ಗುಲ ಮಲಗಿದ್ದರು. ಮನೆಗೆ ತಿರುಗಿ ಬಂದದ್ದು ಹಾಲವ್ವ ಒಬ್ಬಳೇ.

ಯಂತ್ರ ಎಂಬತ್ತಕ್ಕೆ ಇಳಿಯಿತು. ಬೈದರೆ ಅತ್ತೆ ಇನ್ನಷ್ಟು ಹಟ ಹಿಡಿಯುತ್ತಾಳೆ, ಅತ್ತರೆ ಇನ್ನಷ್ಟು ಅಂಜುತ್ತಾಳೆ. ದಾಕ್ಷಾಯಣಿಯ ಬಾಯಿಗೆ ಬಂದದ್ದು ಪಾಠವೇ.

“ಅತ್ತಿ, ಕೇಳ್ರಿ ಇಲ್ಲೆ. ಪ್ರಾಣವಾಯು ಅನ್ನೂದು ನಮ್ಮ ಕಡಿಯವರು ಇಟ್ಟ ಹೆಸರು. ಮೊದಲ ಹೆಸರಿಟ್ಟಾಂವ ಫ್ರಾನ್ಸ್ ದೇಶದಾಂವ. ಎಲ್ಲಾ ಹುಳಿ ಇದರಿಂದನ ಹುಟ್ಟತೈತಿ ಅಂತ ತಿಳದು, ಗ್ರೀಕ್ ಮಾತಿನ್ಯಾಗ ಹುಳಿ ಹುಟ್ಟಸೂದು ಅಂತ ಇಟ್ಟ. ಅದ ಆಕ್ಸಿಜನ್. ಅದನ್ನ ನಾವು ಆಮ್ಲಜನಕ ಅಂದ್ವಿ.”

“ಹುಳಿ?” ಹಾಲವ್ವ ಕಣ್ಣು ತೆರೆದಳು.

“ಹೂಂನ್ರಿ. ಅದೂ ತಪ್ಪ. ನಮ್ಮ ಹೊಟ್ಯಾಗಿನ ಹುಳಿಯೊಳಗ ಈ ಗಾಳಿ ಇಲ್ಲನ ಇಲ್ಲ. ತೊಟ್ಟಿಲದಾಗ ಇಟ್ಟ ಹೆಸರು, ಹಂಗ ಉಳೀತು. ನಿಮಗ ಹಾಲವ್ವ ಅಂತ ಇಟ್ಟಾರ. ಹಾಲು ಕಂಡ್ರ ವಾಕರಿಕಿ ನಿಮಗ!”

ಆ ಏದುಸಿರಿನಲ್ಲೂ ಹಾಲವ್ವನ ತುಟಿ ಅಲುಗಿತು. “ಆ ಹುಳಿದ… ಹಚ್ಚು. ಪ್ರಾಣದ್ದು ಬ್ಯಾಡ.”

ಸುಮನ ಮೂಗಿಗೆ ನಳಿಕೆ ಸಿಕ್ಕಿಸಿದಳು. ಎಂಬತ್ತನಾಲ್ಕು. ಬಹಳ ಹೊತ್ತು ಅಲ್ಲೇ ನಿಂತಿತು. ದಾಕ್ಷಾಯಣಿ ತಮ್ಮ ಉಸಿರನ್ನೇ ಬಿಗಿಹಿಡಿದು ಆ ಕೆಂಪು ಅಂಕಿಯನ್ನು ನೋಡುತ್ತಿದ್ದರು. ಎಂಬತ್ತೆಂಟು. ಮುಕ್ಕಾಲು ತಾಸಿಗೆ ತೊಂಬತ್ತೆರಡಾದಾಗ ಅವರು ಗೋಡೆಗೆ ಒರಗಿದರು.

ಹಾಲವ್ವ ಸೊಸೆಯ ಕೈ ಹಿಡಿದಳು.

“ನಿಮ್ಮ ಮಾವಾರೂ ಹಿಂಗ ಅಂಜಿದ್ರು. ಆ ಹೆಸರು ಕೇಳಿದ್ದ ತಡ, ನಳಿಗಿ ಕಿತ್ತ ಒಗೀತಿದ್ರು. ಅವರಿಗೂ ಈ ಮಾತ ಹೇಳಬೇಕಿತ್ತಲ್ಲವ್ವಾ.”

ಕೊರೋನಾ ವಾರ್ಡಿನೊಳಗೆ ಆಗ ಯಾರನ್ನೂ ಬಿಡುತ್ತಿರಲಿಲ್ಲ, ನಿಜ. ಆದರೆ ಮೂರೂ ದಿನ ಸಂಜೆ ದಾಕ್ಷಾಯಣಿ ಮಾವನಿಗೆ ಫೋನು ಹಚ್ಚಿದ್ದರು. ಮೂರೂ ದಿನ ತಾವು ಕೇಳಿದ್ದು ಒಂದೇ ಮಾತು, “ಊಟ ಆತೇನ್ರಿ?”