ಟಿ.ಸಿ. ಸುಟ್ಟ ವಾರ ಕೆರೆಗೆ ಬಂದ ನೀರು

೧೯೯೬ರಲ್ಲಿ, ಏಳನೇ ತರಗತಿಯ ಪರೀಕ್ಷೆಗೂ ಕೂರದೆ ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನನಗೇ ಗದ್ದೆ ಕೆಲಸದ ಹುಚ್ಚು. ಗೋವಿನಕೋವಿಯಲ್ಲಿ ಬೇರೆಯವರ ಗದ್ದೆ ಉತ್ತೆ, ಹೊನ್ನಾಳಿಯಲ್ಲಿ ಬಾಡಿಗೆ ಟ್ರ್ಯಾಕ್ಟರ್ ಓಡಿಸಿದೆ. ಕೊನೆಗೆ ಚನ್ನಗಿರಿ ತಾಲ್ಲೂಕಿನಲ್ಲಿ, ಹೆಂಡತಿಯ ತವರೂರಿನ ಕೆರೆ ಏರಿಯ ಪಕ್ಕವೇ ಜಮೀನು ಕೊಂಡು ಬೋರು ಕೊರೆಸಿದೆ. ಪೈಪಿನಿಂದ ನೀರು ಧುಮುಕುವುದನ್ನು ಜನ ನಿಂತು ನೋಡುತ್ತಿದ್ದರು. ಅದೆಲ್ಲ ನನ್ನ ರಟ್ಟೆಯ ದುಡಿಮೆ.

ಆ ಕೆರೆ ಹಕ್ಕಿಗಳಿಗೆಂದು ಕಾಪಾಡಿರುವ ಕೆರೆ. ಅಲ್ಲಿ ಮೀನು ಹಿಡಿಯುವಂತಿಲ್ಲ, ಮಣ್ಣು ಎತ್ತುವಂತಿಲ್ಲ. ಕೆರೆಯ ನಡುವೆ ನಿಂತಿರುವ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬೇಸಿಗೆಯಲ್ಲಿ ಮರಿ ಮಾಡುತ್ತವೆ. ಸುತ್ತ ನೀರಿದ್ದರೆ ನಾಯಿಗಳು ಹತ್ತಿರ ಸುಳಿಯಲಾರವು. ಕೆರೆಯೊಳಗೆ ಇಷ್ಟೆಲ್ಲ ಕಾವಲಿದ್ದರೂ ಏರಿಯ ಆಚೆ ನಾವು ಭೂಮಿಯೊಳಗಿಂದ ಎಳೆಯುವ ನೀರನ್ನು ಕೇಳುವವರು ಯಾರೂ ಇರಲಿಲ್ಲ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಮರಗಳ ಸುತ್ತ ಬರೀ ಕೆಸರು ಉಳಿಯಿತು. ಅದೂ ಒಣಗಿ ಗಟ್ಟಿಯಾದ ಕಡೆಯಿಂದ ನಾಯಿಗಳು ನಡೆದು ಹೋಗಿ, ಗೂಡಿನಿಂದ ಜಾರಿದ ಮರಿಗಳನ್ನು ಕಚ್ಚಿಕೊಂಡು ಬರುತ್ತಿದ್ದವು. ಕೆರೆ ಕಾಯುವ ಹಾಲಪ್ಪ ಜಗಳೂರು ಕಡೆಯವನು. ಮನೆಮನೆಗೆ ಬಂದು, "ಬೋರು ಸ್ವಲ್ಪ ಕಮ್ಮಿ ಮಾಡ್ರಿ" ಎಂದು ಕೈ ಮುಗಿದ.

ಪಕ್ಕದ ಗದ್ದೆಯ ಬಸಣ್ಣ, "ಕೊಕ್ಕರೆ ಬಂದು ನಮ್ಮ ಗದ್ದೆ ಕಳೆ ತೆಗೀತಾವೇನೋ ಹಾಲಪ್ಪ?" ಅಂದ. ನಾವೆಲ್ಲ ನಕ್ಕೆವು. ಭತ್ತ ತೆನೆ ಒಡೆಯುವ ಸಮಯ, ನೀರು ತಪ್ಪಿದರೆ ಉಳಿಯುವುದು ಜೊಳ್ಳು.

ನಮ್ಮಲ್ಲಿ ಸ್ಟಾರ್ಟರ್‌ಗಳನ್ನೆಲ್ಲ ಆಟೋಗೆ ಹಾಕಿ ಬಿಡುವುದು ರೂಢಿ. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಎಲ್ಲರ ಮೋಟಾರುಗಳೂ ಒಟ್ಟಿಗೆ ಶುರುವಾಗುತ್ತವೆ. ಒಂದು ಮಧ್ಯಾಹ್ನ ಹಾಗೆ ಶುರುವಾದದ್ದೇ ತಡ, ಮೋಟಾರುಗಳಿಗೆಲ್ಲ ಕರೆಂಟು ಕೊಡುವ ಟಿ.ಸಿ. ಧಡ್ ಎಂದು ಸುಟ್ಟು ಹೋಯಿತು! ಒಂದು ಟ್ರಾನ್ಸ್‌ಫಾರ್ಮರ್ ಎಷ್ಟು ಮೋಟಾರು ತಡೆದೀತು? ಬೋರುಗಳೆಲ್ಲ ಗಪ್ಪಾದವು.

ಇಂಥ ಓಡಾಟಕ್ಕೆ ಊರಲ್ಲಿ ನಾನೇ ಆಗಬೇಕು. ಒಂದು ವಾರ ಚನ್ನಗಿರಿಗೆ ಅಲೆದು ಬೇರೆ ಟಿ.ಸಿ. ಮಂಜೂರು ಮಾಡಿಸಿದೆ. ನನ್ನ ಟ್ರ್ಯಾಕ್ಟರಿನಲ್ಲೇ ಹೇರಿಕೊಂಡು, ಟ್ರೈಲರ್ ಮೇಲೆ ಬಸಣ್ಣ ಮತ್ತು ನಾಲ್ಕಾರು ಜನರನ್ನು ಕೂರಿಸಿಕೊಂಡು ಹಾರನ್ ಹೊಡೆಯುತ್ತಾ ಬಂದೆ. ಗೆದ್ದು ಬಂದ ಹುಮ್ಮಸ್ಸು! ಏರಿಯ ಮೇಲೆ ಹಾಲಪ್ಪ ಎರಡೂ ಕೈ ಚಾಚಿ ಅಡ್ಡ ನಿಂತಿದ್ದ.

"ಇಳೀರಿ ರುದ್ರೇಶಣ್ಣ, ಒಂದು ಗಳಿಗೆ ಇಳೀರಿ!"

"ಭತ್ತ ಒಣಗಾಕೆ ಹತ್ತೈತೆ ಮಾರಾಯ, ದಾರಿ ಬಿಡು."

"ಬಿಡ್ತೀನಿ. ಮೊದಲು ಆ ಮರದ ಬುಡ ನೋಡ್ರಿ. ಆಮೇಲೆ ಬೇಕಾದ್ರೆ ನನ್ನ ಮ್ಯಾಲೆ ಹತ್ತಿಸಿಕೊಂಡು ಹೋಗ್ರಿ."

ಇಳಿದು ನೋಡಿದೆ. ಮರಗಳ ಸುತ್ತ ನೀರು ಹೊಳೆಯುತ್ತಿತ್ತು! ಒಂದು ಹನಿ ಮಳೆ ಬಿದ್ದಿರಲಿಲ್ಲ. ನಾವು ನೋಡುತ್ತಿದ್ದಂತೆಯೇ ಒಂದು ಕಂದು ನಾಯಿ ಕಾಲಿಟ್ಟಿತು, ಹೊಟ್ಟೆಯವರೆಗೆ ಹೂತುಕೊಂಡಿತು, ಕುಂಯ್‌ಗುಡುತ್ತಾ ಹಿಂದಕ್ಕೆ ಬಂತು. ಮೇಲೆ ಮರಿಗಳು ಕೊಕ್ಕು ತೆರೆದು ಗಲಾಟೆ ಮಾಡುತ್ತಿದ್ದವು.

"ಇದು ಎಲ್ಲಿಂದ ಬಂತೋ?" ಎಂದ ಬಸಣ್ಣ.

"ನೀವು ಎಳೆಯೋದು ನಿಂತೈತೆ, ಒರತೆ ಒಡೆದೈತೆ. ನಮ್ಮ ಜಗಳೂರು ಕಡೆ ಹಿಂಗೇ ಎಳೆದೂ ಎಳೆದೂ ಈಗ ಕೊರೆಸಿದ್ರೆ ಧೂಳು ಬರ್ತೈತೆ. ಮರಿ ಹಾರೋತನಕ ಬಿಡ್ರಿ, ಸಾಕು."

"ಅಲ್ಲಿತನಕ ಭತ್ತಕ್ಕೆ ಕೊಕ್ಕರೆ ಉಚ್ಚೆ ಹೊಯ್ತಾವೇನು?" ಅಂದ ಬಸಣ್ಣ.

ಹಾಲಪ್ಪನೂ ನಕ್ಕುಬಿಟ್ಟ. ನನಗೆ ಮಾತ್ರ ಆಗ ಹೊಳೆಯಿತು. ಇಷ್ಟು ವರ್ಷ ನನ್ನ ಬೋರಿನಿಂದ ಧುಮುಕಿದ್ದು ಈ ಕೆರೆಯೇ! ಆ ಕ್ಷಣ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಟಿ.ಸಿ. ಕೂರಿಸೋಣ. ಆದ್ರೆ ಎಲ್ಲರ ಸ್ಟಾರ್ಟರಿನ ಆಟೋ ತೆಗೀಬೇಕು. ದೂರದ ಬೋರು ಪಾಳಿ ಮೇಲೆ ಓಡ್ಲಿ. ಏರಿ ಪಕ್ಕದ್ದು ಮರಿ ಹಾರೋತನಕ ಬಂದ್."

"ಏರಿ ಪಕ್ಕ ಇರೋದು ನಿಂದೇ ಬೋರಲ್ಲೋ! ನಿನ್ನ ಭತ್ತ?"

"ನಿನ್ನ ಬೋರು ಏರಿಯಿಂದ ದೂರ ಐತೆ, ಅದರಿಂದ ನೀರು ಕೊಡು."

ಬಸಣ್ಣ ಕೆರೆಯನ್ನೂ ನನ್ನನ್ನೂ ನೋಡಿದ. ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. "ಬೆಳಗಿನ ಪಾಳಿ ನಂದು. ಆಮ್ಯಾಲೆ ತಗಾ. ತಕರಾರು ಮಾಡಬಾರ್ದು ಮತ್ತೆ."

ಮೊದಲು ನನ್ನ ಸ್ಟಾರ್ಟರಿನ ಆಟೋ ವೈರನ್ನು ನಾನೇ ಕಿತ್ತೆ. ಪಾಳಿಯ ನೀರು ಎಲ್ಲ ಗದ್ದೆಗೂ ಸಾಲಲಿಲ್ಲ, ಅರ್ಧ ಎಕರೆ ಜೊಳ್ಳಾಯಿತು. "ಊರ ಹಕ್ಕಿಗೆಲ್ಲ ನೀವೇ ಅಪ್ಪ" ಎಂದು ಹೆಂಡತಿ ಸುಜಾತ ದಿನಾ ಬೈದಳು.

ಆದರೆ ಒಂದು ಬೆಳಿಗ್ಗೆ ಏರಿಯ ಮೇಲಿಂದ ಕೂಗಿದವಳೂ ಅವಳೇ. "ರೀ, ಓಡಿ ಬರ್ರಿ! ಹಾರಾಕೆ ಹತ್ಯಾವೆ!" ಎಮ್ಮೆ ಬಿಟ್ಟು ಓಡಿದೆ. ಒಂದು ಮರಿ ಕೊಂಬೆಯಿಂದ ಹಾರಿ ನೀರಿಗೆ ಬಿದ್ದೇಬಿಟ್ಟಿತು ಅನ್ನುವಷ್ಟರಲ್ಲಿ ರೆಕ್ಕೆ ಬಡಿದು ಮೇಲೆದ್ದಿತು. ಹಾಲಪ್ಪ ಕುಣಿದ. ಬಸಣ್ಣ ಸಿಳ್ಳೆ ಹೊಡೆದ. ನಾನೂ ಕೂಗಿದೆ, ಗಂಟಲು ಕಟ್ಟುವವರೆಗೆ.

ಕೊಕ್ಕರೆಗಳು ಗೂಡು ಕಟ್ಟಲು ಬಂದಾಗ ನನಗೆ ಈಗಲೂ ಅದೇ ಹುಮ್ಮಸ್ಸು. ಬೇಸಿಗೆಯಲ್ಲಿ ಭತ್ತ ಬಿಟ್ಟು ಹೆಸರುಕಾಳು ಬಿತ್ತುತ್ತೇನೆ. ಈಗ ನನಗಿರುವುದು ಎರಡು ಎಕರೆ ಜಮೀನು, ಒಂದು ಟ್ರ್ಯಾಕ್ಟರ್, ಎರಡು ಎಮ್ಮೆ, ಬಸಣ್ಣನ ಬೋರಿನಲ್ಲಿ ವಾರಕ್ಕೆ ಮೂರು ಪಾಳಿ ನೀರು, ಮತ್ತು ಬೇಸಿಗೆಯಲ್ಲಿ ಬಾಯಿ ಮುಚ್ಚಿರುವ ನನ್ನದೇ ಒಂದು ಬೋರು.